ಪಕ್ಕದ ಸೀಟಿನ ಬ್ರೇಕು

ಶಾಲೆಯ ಬೀದಿಗೆ ತಿರುಗುವ ಮೂಲೆ ಹತ್ತಿರವಾಗುತ್ತಿದ್ದಂತೆ ಅವನ ಬಲಗಾಲಿನ ಹೆಬ್ಬೆರಳು ಬೂಟಿನೊಳಗೆ ತಾನಾಗಿ ಎಚ್ಚರಗೊಂಡಿತು. ಸ್ಟಿಯರಿಂಗ್ ಹಿಡಿದಿದ್ದವಳು ನರ್ಸಮ್ಮ. ಐವತ್ತರ ಆಸುಪಾಸಿನ ಹೆಂಗಸು, ಬೆನ್ನನ್ನು ಸೀಟಿಗೆ ತಾಗಿಸದೆ ಕೂತು, ಕಾರು ಕೂಡ ಒಬ್ಬ ರೋಗಿಯೇ ಎಂಬಂತೆ ಅದಕ್ಕೆ ನೋವಾಗದ ಹಾಗೆ ತಿರುಗಿಸಲು ನೋಡುತ್ತಿದ್ದಳು. ಅವನು ಪಕ್ಕದ ಸೀಟಿನಲ್ಲಿದ್ದ. ಕಾರು ಕಲಿಸುವವನಿಗೆಂದು ಆ ಕಡೆಯೂ ಒಂದು ಬ್ರೇಕು ಜೋಡಿಸಿರುತ್ತಾರೆ, ಕಲಿಯುವವರು ತಬ್ಬಿಬ್ಬಾದಾಗ ಒತ್ತುವುದಕ್ಕೆ. ಇಷ್ಟು ವರ್ಷಗಳ ಕೆಲಸದಲ್ಲಿ ಅವನು ಅದನ್ನು ಬೇಕಿಲ್ಲದೆ ಒತ್ತಿದವನಲ್ಲ. ಬೇಕಾದಾಗಲೂ ಒಂದು ಉಸಿರು ತಡೆದು ನೋಡುತ್ತಿದ್ದ. ಆ ಒಂದು ಉಸಿರಿನಲ್ಲೇ ಜನ ಕಾರು ಕಲಿಯುವುದು, ಉಳಿದದ್ದೆಲ್ಲ ಬರೀ ಪೆಟ್ರೋಲು ಸುಡುವುದು ಎಂದು ಹಿಂದಿನ ಊರಿನಲ್ಲಿ ಹೊಸ ಹುಡುಗರಿಗೆ ಹೇಳುತ್ತಿದ್ದ.

"ಎಡಕ್ಕೆ ತಗೊಳ್ಳಿ," ಎಂದ.

"ಮತ್ತೆ ಇದೇ ಬೀದೀನಾ ಸಾರ್?"

"ರಸ್ತೇಲಿ ಉಬ್ಬಿದೆ, ಮಕ್ಕಳು ಓಡಾಡೋ ಜಾಗ. ಅಭ್ಯಾಸಕ್ಕೆ ಒಳ್ಳೇದು."

"ಮಕ್ಕಳೆಲ್ಲ ಈಗ ಒಳಗಿದಾರಲ್ಲ ಸಾರ್."

ಅವನು ಕನ್ನಡಿಗೆ ಕೈ ಹಾಕಿದ. ಉತ್ತರವಿಲ್ಲದಾಗ ಕನ್ನಡಿ ಸರಿಮಾಡುವುದು ಅವನ ಅಭ್ಯಾಸ. ಕನ್ನಡಿ ಸರಿಯಾಗಿಯೇ ಇತ್ತು, ಅದನ್ನು ಕೆಡಿಸಿದ. ಅಷ್ಟರಲ್ಲಿ ಹಳದಿ ಗೋಡೆ ಬಂತು, ಗೇಟು ಬಂತು, ಗೇಟಿನಾಚೆ ಮಹಡಿಯ ಕೊನೆಯ ಕಿಟಕಿ ಬಂತು. ಆ ಕಿಟಕಿಯ ಪಕ್ಕದ ಡೆಸ್ಕು ತನ್ನ ಮಗಳದು ಎಂದು ಅವನಿಗೆ ಗೊತ್ತಿತ್ತು. ತಲೆಯೊಂದು ಕಂಡ ಹಾಗಾಯಿತು. ಇನ್ನೊಂದು ಗಳಿಗೆ ಕಂಡರೆ ಅವಳು ಅಳುತ್ತಿದ್ದಾಳೋ ಇಲ್ಲವೋ ತಿಳಿಯುತ್ತದೆ ಎಂದುಕೊಂಡ. ಕಾಲು ಅವನಿಗಿಂತ ಮುಂಚೆ ಅಂದುಕೊಂಡು ಬ್ರೇಕು ಒತ್ತಿತ್ತು. ಎರಡನೇ ಗೇರಿನಲ್ಲಿ ಹೋಗುತ್ತಿದ್ದ ಕಾರು ಬಿಕ್ಕಳಿಸಿ, ಮೈಯೆಲ್ಲ ನಡುಗಿಸಿಕೊಂಡು, ಆರಿಹೋಯಿತು. ಮಹಡಿಯ ಕಿಟಕಿಯಲ್ಲಿ ಒಂದರ ಪಕ್ಕ ಒಂದು ತಲೆಗಳು ಎದ್ದವು. ಯಾರೋ ಚಪ್ಪಾಳೆ ತಟ್ಟಿದ ಹಾಗೆ ಕೇಳಿಸಿತು. ಹಿಂದಿನಿಂದ ಸ್ಕೂಟರೊಂದು ಹಾರನ್ ಬಡಿಯಿತು.

ನರ್ಸಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. "ಈಗ ನಿಲ್ಲಿಸಿದ್ದು ನೀವಾ, ನಾನಾ?"

"ನೀವೇ," ಎಂದ ಅವನು. "ಕ್ಲಚ್ ಒತ್ತಲಿಲ್ಲ."

ಕ್ಲಚ್ ಒತ್ತಲಿಲ್ಲ ಎಂಬುದು ಸುಳ್ಳಲ್ಲ. ಅದು ಅವನಿಗೆ ಸ್ವಲ್ಪ ಸಮಾಧಾನ ಕೊಟ್ಟಿತು. ನಿಲ್ಲಿಸುವವಳು ತಾನಲ್ಲದಿದ್ದಾಗ ಕ್ಲಚ್ ಯಾಕೆ ಒತ್ತಬೇಕು ಎಂಬ ಪ್ರಶ್ನೆಯನ್ನು ಆಕೆ ಕೇಳಲಿಲ್ಲ, ಅವನೂ ತನ್ನೊಳಗೆ ಅದನ್ನು ಬಹಳ ಹೊತ್ತು ನಿಲ್ಲಗೊಡಲಿಲ್ಲ.

ಈ ಊರಿಗೆ ಬಂದದ್ದು ಹೆಂಡತಿಯ ವರ್ಗಾವಣೆಯಿಂದ. ಅವಳು ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವವಳು. ಬಂದ ವಾರದಲ್ಲೇ ಊರಿನ ಗಲ್ಲಿಗಲ್ಲಿಯೂ ಅವಳ ಬೆರಳ ತುದಿಗೆ ಬಂದಿತ್ತು. ಅವನಿಗೆ ಬಂದಿರಲಿಲ್ಲ. ದಾರಿ ಗೊತ್ತಿಲ್ಲದ ಕಾರು ಮೇಷ್ಟ್ರು ಎಂದರೆ ಈಜು ಬಾರದ ಅಂಬಿಗನ ಹಾಗೆ ಎಂದು ಅವನೇ ಒಮ್ಮೆ ತಮಾಷೆ ಮಾಡಿದ್ದ, ಅವಳು ನಗಲಿಲ್ಲ, ಒಂದು ನಕ್ಷೆಯ ಪ್ರತಿ ತಂದುಕೊಟ್ಟಳು. ಡ್ರೈವಿಂಗ್ ಸ್ಕೂಲಿನ ಯಜಮಾನ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಅನುಭವ ಕೇಳಿದ್ದನೇ ಹೊರತು ದಾರಿ ಕೇಳಿರಲಿಲ್ಲ. ಮೊದಲ ದಿನ ಕಲಿಯಲು ಬಂದ ಹುಡುಗನಿಗೆ "ನೇರ ಹೋಗು" ಎಂದು ಹೇಳುತ್ತಾ ಹೇಳುತ್ತಾ ಇಬ್ಬರೂ ಒಂದು ಮರದ ಅಡ್ಡೆಯೊಳಗೆ ಹೊಕ್ಕಿದ್ದರು. ದಿಮ್ಮಿಗಳ ನಡುವೆ ಕಾರು ಹಿಂದಕ್ಕೆ ತೆಗೆಯುವುದನ್ನು ಕಲಿಸಲಿಕ್ಕೇ ಬಂದದ್ದು ಎಂಬ ಮುಖ ಮಾಡಿಕೊಂಡು ಅವನು ಕೆಳಗಿಳಿದು ಕೈಸನ್ನೆ ಮಾಡಿದ. ಹುಡುಗ ಚೆನ್ನಾಗಿಯೇ ತೆಗೆದ. ಆಮೇಲೆ "ಸಾರ್, ಮುಂದಿನ ತಿರುವು ನಾನೇ ಹೇಳ್ಲಾ?" ಎಂದು ಬಹಳ ವಿನಯದಿಂದ ಕೇಳಿದ. ಆ ವಿನಯ ಅವನಿಗೆ ಎರಡು ದಿನ ಊಟ ಸೇರದ ಹಾಗೆ ಮಾಡಿತು. ಹೀಗಾಗಿ ಈ ಊರಿನಲ್ಲಿ ಅವನಿಗೆ ಕಣ್ಣು ಮುಚ್ಚಿ ಹೋಗಬಲ್ಲ ದಾರಿ ಎಂದಿದ್ದದ್ದು ಒಂದೇ, ಮನೆಯಿಂದ ಮಗಳ ಶಾಲೆಗೆ.

ಮಗಳನ್ನು ಅವನು ಮುದುಕಮ್ಮ ಎಂದು ಕರೆಯುತ್ತಿದ್ದ. ಮಾತು ಕಲಿತಾಗಿನಿಂದಲೂ ಅವಳು ಹಾಗೆಯೇ, ಕೈ ಹಿಂದೆ ಕಟ್ಟಿಕೊಂಡು ಕೋಣೆಯಿಂದ ಕೋಣೆಗೆ ಹೋಗಿ ವಿಚಾರಿಸುವವಳು. ಆ ಮುದುಕಮ್ಮ ಹೊಸ ಶಾಲೆಯ ಮೊದಲ ಬೆಳಗ್ಗೆ ಡ್ರೈವಿಂಗ್ ಸ್ಕೂಲಿನ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೂತುಬಿಟ್ಟಿದ್ದಳು. ಅಳಲಿಲ್ಲ. ಅತ್ತಿದ್ದರೆ ಅವನಿಗೆ ಮಾಡಲು ಏನಾದರೂ ಸಿಗುತ್ತಿತ್ತು. ಕ್ಲಾಸ್ ಟೀಚರು ಗೇಟಿನವರೆಗೂ ಬಂದರು, ಕಣ್ಣಿನ ಕೆಳಗೆ ಸೀಮೆಸುಣ್ಣದ ಪುಡಿ ಮೆತ್ತಿಕೊಂಡಿದ್ದ ದಣಿದ ಹೆಂಗಸು. "ಒಂದು ಸಲ ಟಾಟಾ ಮಾಡಿ, ತಿರುಗಿ ನೋಡದೆ ಹೋಗಿಬಿಡಿ. ಸಂಜೆ ಬರ್ತೀನಿ ಅಂತ ಹೇಳಿ, ಸಂಜೆ ಬನ್ನಿ. ಅಷ್ಟೇ. ಇಲ್ಲದ್ದು ಹೇಳಬೇಡಿ," ಎಂದರು. ಅವನು ತಲೆಯಾಡಿಸಿದ. ಟೀಚರು ಅತ್ತ ತಿರುಗಿದ್ದೇ ತಡ, ಇಲ್ಲದ್ದನ್ನೇ ಹೇಳಿದ.

"ನಾನು ಎಲ್ಲೂ ಹೋಗಲ್ಲ. ಇಲ್ಲೇ ಕಾರಲ್ಲಿ ಇರ್ತೀನಿ."

"ಇಡೀ ದಿನ?"

"ಇಡೀ ದಿನ."

"ಬಾಯಾರಿಕೆ ಆದ್ರೆ?"

"ನೀರಿದೆ."

ಅವಳು ಬೆಲ್ಟು ಬಿಟ್ಟಳು. ಇಷ್ಟು ಸುಲಭವೇ ಎಂದು ಅವನಿಗೆ ಆಶ್ಚರ್ಯವಾಯಿತು. ಅವಳು ಒಳಗೆ ಹೋಗಿ, ಮಹಡಿ ಹತ್ತಿ, ಕಿಟಕಿಯಲ್ಲಿ ಮೂಗು ಒತ್ತಿ ನೋಡುವವರೆಗೂ ಅವನು ಅಲ್ಲೇ ಇದ್ದ. ಮೂಗು ಮರೆಯಾದ ಕೂಡಲೇ ಹೊರಟ. ಅವನ ಮೊದಲ ಕಾರು ಪಾಠದ ಹೊತ್ತು ಆಗಲೇ ಮೀರಿತ್ತು, ಯಜಮಾನನ ಫೋನು ಜೇಬಿನೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ ಒದ್ದಾಡುತ್ತಿತ್ತು. ಆದರೆ ಮಾತು ಕೊಟ್ಟಿದ್ದನಲ್ಲ. ಕೊಟ್ಟ ಮಾತನ್ನು ಪೂರ್ತಿ ಉಳಿಸಿಕೊಳ್ಳಲಾಗದಿದ್ದರೆ ಬಿಡಿಬಿಡಿಯಾಗಿ ಉಳಿಸಿಕೊಳ್ಳಬಹುದು ಎಂದು ಅವನಿಗೆ ಹೊಳೆಯಿತು. ಅಂದಿನಿಂದ ಅವನ ಬಳಿ ಕಲಿಯುವವರೆಲ್ಲ ಎಲ್ಲಿಗೇ ಹೊರಟರೂ ಹಳದಿ ಗೋಡೆಯ ಬೀದಿಯಲ್ಲಿ ಹಾದು ಹೋಗಬೇಕಾಯಿತು. ಅವರಲ್ಲಿ ನರ್ಸಮ್ಮನ ಸರದಿ ಗಣಿತದ ಪೀರಿಯಡ್ಡಿಗೆ ಬೀಳುತ್ತಿತ್ತು. ಗಣಿತವೆಂದರೆ ಮಗಳಿಗೆ ಮೊದಲಿಂದಲೂ ಹೊಟ್ಟೆನೋವು. ಹೀಗಾಗಿ ಅವನ ಕಾಲು ಹೆಚ್ಚಾಗಿ ಎಚ್ಚರಗೊಳ್ಳುತ್ತಿದ್ದದ್ದು ನರ್ಸಮ್ಮನ ಪಾಠದಲ್ಲೇ.

ಚಿಕ್ಕವನಿದ್ದಾಗ ಅವನನ್ನೂ ಹೀಗೆ ಒಂದು ಶಾಲೆಗೆ ಬಿಟ್ಟಿದ್ದರು. ಅಮ್ಮ ಕಾಂಪೌಂಡಿನ ಆಚೆ ನಿಂತಿರುತ್ತೇನೆ ಎಂದಿದ್ದಳು. ಬೆಂಚಿನಿಂದ ನೋಡಿದರೆ ಗೋಡೆಯ ಮೇಲೆ ಕಪ್ಪು ಕೊಡೆಯೊಂದರ ತುದಿ ಕಾಣುತ್ತಿತ್ತು. ಅವನು ದಿನವಿಡೀ ಆ ತುದಿಯನ್ನೇ ನೋಡುತ್ತಾ ಕೂತ. ಅಮ್ಮ ಅಲುಗಾಡದೆ ನಿಂತಿದ್ದಾಳೆ, ಕಾಲು ನೋಯುವುದಿಲ್ಲವೇ ಎಂದು ಅವನಿಗೇ ಕಾಲು ನೋವು ಬಂದಿತ್ತು. ಸಂಜೆ ಹೊರಗೆ ಓಡಿದರೆ ಅದು ಅಮ್ಮನ ಕೊಡೆಯಲ್ಲ. ಶಾಲೆಯ ಜವಾನ ಗೋಡೆಗೆ ಮೊಳೆ ಹೊಡೆದು ತನ್ನದನ್ನು ನೇತುಹಾಕುತ್ತಿದ್ದ. ಅಮ್ಮ ಬಂದಾಗ ಅವನು ಅದರ ಬಗ್ಗೆ ಏನೂ ಕೇಳಲಿಲ್ಲ. ಮಾರನೆಯ ದಿನವೂ ಕೊಡೆಯನ್ನೇ ನೋಡಿದ, ಬೇರೆಯವರದೆಂದು ತಿಳಿದೇ. ಅದು ಹೇಗೋ ಸಾಕಾಗುತ್ತಿತ್ತು.

ಹಿಂದೆ ಹಾರನ್ ಬಡಿದಿದ್ದ ಸ್ಕೂಟರಿನವನು ಆರಿನಿಂತ ಕಾರಿನ ಪಕ್ಕಕ್ಕೆ ಬಂದು, ಕಾರಿನ ತಲೆಯ ಮೇಲಿದ್ದ ಡ್ರೈವಿಂಗ್ ಸ್ಕೂಲಿನ ಹಲಗೆಯನ್ನೂ ಒಳಗಿದ್ದ ಇಬ್ಬರನ್ನೂ ಒಂದು ಸುತ್ತು ನೋಡಿ, "ಅಕ್ಕಾ, ಗಾಡಿಗೆ ಒಂದು ಇಂಜೆಕ್ಷನ್ ಕೊಡಿ," ಎಂದು ಹೋದ. ನರ್ಸಮ್ಮ ಸಮವಸ್ತ್ರದಲ್ಲೇ ಪಾಠಕ್ಕೆ ಬರುತ್ತಿದ್ದಳು. ಆಕೆ ನಗಲಿಲ್ಲ. ಕಾರನ್ನು ಮತ್ತೆ ಚಾಲೂ ಮಾಡಿ, ಬೀದಿಯ ಕೊನೆಯ ಮರದ ಕೆಳಗೆ ಒಯ್ದು, ಅವನು ಹೇಳದೆಯೇ ನಿಲ್ಲಿಸಿದಳು. ನೀಟಾಗಿ ನಿಲ್ಲಿಸಿದಳು. ಅದನ್ನು ಅವನು ಗಮನಿಸಿದ, ಹೇಳಲಿಲ್ಲ.

"ನಾನು ಕಲಿಯೋದನ್ನ ಇವತ್ತಿಗೆ ಬಿಡ್ತೀನಿ ಸಾರ್."

"ಟೆಸ್ಟು ಮುಂದಿನ ವಾರ ಇದೆ."

"ಅದಕ್ಕೇ." ಆಕೆ ಚೀಲದಿಂದ ದೊಡ್ಡ ಲಕೋಟೆಯೊಂದನ್ನು ತೆಗೆದು ಅವನ ತೊಡೆಯ ಮೇಲಿಟ್ಟಳು. "ಡಾಕ್ಟರಿಗೆ ತೋರಿಸಿದೆ. ಎಕ್ಸ್‌ರೇನೂ ಆಯ್ತು. ಮಂಡಿ ಸರಿ ಇದೆ, ಪಾದ ಸರಿ ಇದೆ ಅಂತಾರೆ. ನರದ್ದೇನಾದ್ರೂ ಇರಬಹುದಾ ಅಂತ ಕೇಳಿದೆ. ನಕ್ಕುಬಿಟ್ರು. ಬೇರೆ ಬೀದೀಲೆಲ್ಲ ಹೇಳಿದ ಹಾಗೆ ಕೇಳತ್ತೆ ಈ ಕಾಲು. ಇಲ್ಲಿಗೆ ಬಂದ್ರೆ ನಂಗೆ ಗೊತ್ತಿಲ್ಲದೆ ಬ್ರೇಕ್ ಒತ್ತಿಬಿಡತ್ತೆ. ನಿಮ್ಮಾಣೆಗೂ ನಂಗೆ ಒತ್ತಿದ್ದೇ ತಿಳಿಯಲ್ಲ ಸಾರ್. ಲೈಸೆನ್ಸ್ ಸಿಕ್ಕಿದ್ರೆ ಮನೆಮನೆಗೆ ಹೋಗಿ ನೋಡೋ ಕೆಲಸ ಕೊಡ್ತೀವಿ ಅಂದಿದಾರೆ. ಇಲ್ಲಾಂದ್ರೆ ವಾರ್ಡಲ್ಲಿ ರಾತ್ರಿ ಪಾಳಿಯಲ್ಲೇ ಮುದುಕಿ ಆಗೋದು. ಆದ್ರೆ ತನ್ನ ಕಾಲೇ ತನ್ನ ಮಾತು ಕೇಳದವಳು ನಾಳೆ ಯಾರ ಮೇಲಾದ್ರೂ ಹತ್ತಿಸಿದ್ರೆ?"

ಅವನು ಎಕ್ಸ್‌ರೇಯನ್ನು ಲಕೋಟೆಯಿಂದ ಅರ್ಧ ಎಳೆದು ಬೆಳಕಿಗೆ ಹಿಡಿದ. ಏನಾದರೂ ಮಾಡಬೇಕಿತ್ತು, ಅದನ್ನು ಮಾಡಿದ. ಬೂದು ಬಣ್ಣದ ನಿರಪರಾಧಿ ಮೂಳೆಗಳು. ಬೆರಳಿನ ಸಣ್ಣ ಸಣ್ಣ ಎಲುಬುಗಳು ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಮಲಗಿದ್ದವು. ಈ ಪಾದ ಇಷ್ಟು ದಿನ ತನ್ನ ಪಾದದ ತಪ್ಪನ್ನು ಹೊತ್ತುಕೊಂಡು ಓಡಾಡಿದೆ, ಡಾಕ್ಟರ ಮುಂದೆ ಬೆತ್ತಲಾಗಿದೆ ಎಂದು ಅವನಿಗೆ ಅನಿಸಿತು. ನಿಜ ಹೇಳಬೇಕು. ಹೇಳಿದರೆ ಆಕೆ ಯಜಮಾನನಿಗೆ ಹೇಳುತ್ತಾಳೆ, ಯಜಮಾನ ಕಾರಿನ ಕೀಲಿ ಕೇಳುತ್ತಾನೆ, ಕೀಲಿ ಹೋದರೆ ಈ ಬೀದಿಯೇ ಹೋಗುತ್ತದೆ. ಇದೆಲ್ಲ ಅವನ ತಲೆಯಲ್ಲಿ ಒಂದು ಸುತ್ತು ಹೊಡೆದು ಬಂದು ಮತ್ತೆ ಅದೇ ಮರದ ಕೆಳಗೆ ನಿಂತಿತು.

"ಮೂಳೆ ಚೆನ್ನಾಗಿದೆ," ಎಂದ.

"ಗೊತ್ತು ಸಾರ್. ಅದನ್ನೇ ಹೇಳಿದ್ದು."

"ಇನ್ನೊಂದು ಸಲ ಹೋಗೋಣ. ಇದೇ ಬೀದಿ. ಒಂದೇ ಸಲ."

ಆಕೆ ಅವನ ಮುಖ ನೋಡಿದಳು. ಬೇನೆ ಎಲ್ಲಿದೆ ಎಂದು ರೋಗಿ ಬಾಯಿ ಬಿಡದಿದ್ದಾಗ ದಾದಿಯರು ನೋಡುವ ನೋಟ. ಆಮೇಲೆ ಕಾರು ತಿರುಗಿಸಿದಳು. ಹಳದಿ ಗೋಡೆ ಕಾಣುವ ಮೊದಲೇ ಅವನು ಬೂಟು ಬಿಚ್ಚಿ, ಎರಡೂ ಕಾಲುಗಳನ್ನು ಸೀಟಿನ ಮೇಲೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತ. ಮನೆಯ ಹೊರಗೆ ಅವನು ಹಾಗೆ ಕೂತದ್ದೇ ಇಲ್ಲ. ಒಂದು ಕಾಲುಚೀಲದಲ್ಲಿ ತೂತಿತ್ತು, ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಆಕೆ ಅದನ್ನು ನೋಡಿದ್ದಾಳೆಂದು ಅವನಿಗೆ ಗೊತ್ತಾಯಿತು. ಗೇಟು ಬಂತು. ಹೆಬ್ಬೆರಳು ಮಡಚಿಕೊಂಡಿತು, ಸೀಟಿನ ರೆಕ್ಸಿನ್ನನ್ನು ಒತ್ತಿತು. ಕಾರು ಉಬ್ಬು ಹತ್ತಿತು, ಇಳಿಯಿತು, ಮುಂದೆ ಹೋಯಿತು. ಅವನು ಕಿಟಕಿಯತ್ತ ಕತ್ತು ಎತ್ತಿದ. ತಲೆಗಳೆಲ್ಲ ಎದ್ದು ನಿಂತಿದ್ದವು. ನಡುವೆ ಅವನ ಮಗಳು. ಬಾಯಿ ತೆರೆದು, ಕಾರು ಹೋದ ದಿಕ್ಕಿಗೆ ಮುಖ ತಿರುಗಿಸುತ್ತಾ, ತಿರುಗಿಸುತ್ತಾ ಇದ್ದಂತೆ ಗೋಡೆ ಅಡ್ಡ ಬಂತು.

ನರ್ಸಮ್ಮ ಗೇರು ಏರಿಸಿದಳು. ಮುಂದಿನ ಎರಡು ಬೀದಿಗಳನ್ನು ಮದುವೆ ಮನೆಗೆ ಹೊರಟವಳಂತೆ ಓಡಿಸಿದಳು. ಅವನ ಕಾಲುಗಳ ಬಗ್ಗೆ ಏನೂ ಕೇಳಲಿಲ್ಲ. ಕಾರಿನಿಂದ ಇಳಿಯುವಾಗ ಮಾತ್ರ, ಲಕೋಟೆಯನ್ನು ಚೀಲಕ್ಕೆ ತುರುಕುತ್ತಾ, "ನಾಳೇನೂ ಹೀಗೇ ಕೂತ್ಕೊಳ್ಳಿ ಸಾರ್," ಎಂದಳು. "ಸೊಂಟಕ್ಕೆ ಒಳ್ಳೇದು."

ಸಂಜೆ ಮಗಳು ಬಂದು ಹಿಂದಿನ ಸೀಟಿನಲ್ಲಿ ಕೂತು ತಾನೇ ಬೆಲ್ಟು ಹಾಕಿಕೊಂಡಳು. ಕನ್ನಡಿಯಲ್ಲಿ ಅವಳ ಹಣೆ ಮಾತ್ರ ಕಾಣುತ್ತಿತ್ತು. ಆ ಹಣೆಯಿಂದ ಏನನ್ನೂ ಓದಲಾಗಲಿಲ್ಲ. ಇಡೀ ದಿನ ಅವನ ಕಣ್ಣ ಮುಂದೆ ಆ ತೆರೆದ ಬಾಯಿ ಇತ್ತು. ಮಕ್ಕಳು ಅವಳನ್ನು ಆಡಿಕೊಳ್ಳುತ್ತಿದ್ದಾರೆ, ಬೀದಿ ನಡುವೆ ದಿನಾ ಕೆಟ್ಟು ನಿಲ್ಲುವ ಕಾರು ನಿಮ್ಮಪ್ಪನದಲ್ಲವೇ ಎಂದು ಚಪ್ಪಾಳೆ ತಟ್ಟುತ್ತಾರೆ ಎಂಬುದು ಅವನ ಇಷ್ಟು ದಿನದ ಭಯವಾಗಿತ್ತು. ಈಗ ನಿಲ್ಲದೆ ಹೋದದ್ದು ಅದಕ್ಕಿಂತ ದೊಡ್ಡ ತಪ್ಪಾಯಿತೋ ಏನೋ.

"ಇವತ್ತು ಎರಡನೇ ಸಲ ನಿಲ್ಲಲಿಲ್ಲ," ಎಂದಳು ಅವಳು, ತಿರುವಿನಲ್ಲಿ.

"ಹೂಂ. ಆ ಆಂಟಿಗೆ ಕಾರು ಬಂತು."

"ನಾನು ಒತ್ತಿದ್ದೆ."

"ಏನು ಒತ್ತಿದ್ದೆ?"

"ಬ್ರೇಕು." ಅವಳ ಸ್ವರದಲ್ಲಿ ದಡ್ಡ ವಿದ್ಯಾರ್ಥಿಗೆ ಹೇಳಿಕೊಡುವ ತಾಳ್ಮೆ ಇತ್ತು. "ನನ್ನ ಡೆಸ್ಕಿನ ಕೆಳಗೆ ಒಂದು ಹಲಗೆ ಇದೆ, ಕಾಲಿಡಕ್ಕೆ. ಅದೇ ಬ್ರೇಕು. ಕಾರು ಬಂದಾಗ ನಾನು ಒತ್ತೀನಿ. ನಿಲ್ಲತ್ತೆ. ಎಲ್ರೂ ನೋಡಿದಾರೆ. ಒಬ್ಬನಿಗೆ ನನ್ನ ಜಾಗ ಕೊಟ್ಟೆ, ಅವನು ಒತ್ತಿದಾಗ ನಿಲ್ಲಲಿಲ್ಲ. ಬೇರೆ ಯಾರೋ ಕಲಿತಾ ಇದ್ರು ಅವತ್ತು."

ಅವನು ಕಾರನ್ನು ಬದಿಗೆ ನಿಲ್ಲಿಸಿದ. ನಿಲ್ಲಿಸಲೇಬೇಕಾದ ಜಾಗವೇನೂ ಅಲ್ಲ, ಒಂದು ಹಾಸಿಗೆ ಅಂಗಡಿಯ ಎದುರು. ಗೋಡೆಗೆ ಒರಗಿಸಿದ್ದ ಹಾಸಿಗೆಗಳು ನಿಂತೇ ನಿದ್ದೆ ಮಾಡುತ್ತಿರುವಂತಿದ್ದವು.

"ಮುದುಕಮ್ಮ, ನಿಲ್ಲಿಸ್ತಾ ಇದ್ದಿದ್ದು..."

"ನೀನು. ಗೊತ್ತು. ಪಾಠದಲ್ಲಿ ನೀನು ಕೂರೋ ಕಡೆ ಇರೋ ಬ್ರೇಕು ನಾನು ನೋಡಿಲ್ವಾ? ನೀನು ಒತ್ತೋ ಹೊತ್ತಿಗೆ ನಾನೂ ಒತ್ತೀನಿ. ಗೇಟು ದಾಟಿ, ಕಿಟಕಿ ಕಡೆ ನೀನು ಮುಖ ಎತ್ತಿದ ಕೂಡಲೇ."

"ಇಡೀ ದಿನ ಇಲ್ಲೇ ಇರ್ತೀನಿ ಅಂದಿದ್ದೆನಲ್ಲ. ಅದು..."

"ಅದು ಮೊದಲ್ನೇ ದಿನಾನೇ ಗೊತ್ತಾಯ್ತು. ಮೂಗು ಒರೆಸ್ಕೊಂಡು ತಿರುಗಿದೆ, ನೀನಿಲ್ಲ." ಅವಳು ಬೂಟಿನ ತುದಿಯಿಂದ ಮುಂದಿನ ಸೀಟಿನ ಬೆನ್ನನ್ನು ಒಮ್ಮೆ ತಟ್ಟಿದಳು, ಸಿಟ್ಟಿನಿಂದಲ್ಲ. "ಹಂಗೆಲ್ಲ ಹೇಳಬೇಡ ಇನ್ಮೇಲೆ."

ಅವನು ಹೇಳುವುದಿಲ್ಲ ಎಂದ. ಆಮೇಲೆ ಹಾಸಿಗೆಗಳತ್ತ ನೋಡುತ್ತಾ ಕೇಳಿದ.

"ನಗಾಡಿದ್ರಾ ಇವತ್ತು?"

"ಮೊದಲು ನಗಾಡಿದ್ರು. ಸುಳ್ಳಿ ಅಂದ್ರು. ಆಮೇಲೆ ನಾನು ಬ್ರೇಕ್ ಕೆಟ್ಟಿದೆ ಅಂದೆ. ಪಕ್ಕದ ಡೆಸ್ಕಿನವಳು ಇದಾಳಲ್ಲ, ಯಾರ ಹತ್ರಾನೂ ಮಾತಾಡಲ್ಲ, ಅವಳು ಸುಮ್ನೆ ಸ್ಕೇಲು ತಗೊಂಡು ಡೆಸ್ಕ್ ಕೆಳಗೆ ಹೋದ್ಲು. ಮಲಗಿ ನೋಡಿದ್ಲು. ಬೋಲ್ಟ್ ಸಡಿಲ ಆಗಿದೆ ಅಂದ್ಲು." ಅವಳ ಹಣೆ ಕನ್ನಡಿಯಲ್ಲಿ ಮೇಲಕ್ಕೆ ಬಂತು, ಹಣೆಯ ಕೆಳಗೆ ಕಣ್ಣುಗಳೂ ಬಂದವು. "ಸಡಿಲ ಆಗಿದೆ ನಿಜವಾಗ್ಲೂ. ಮಧ್ಯಾಹ್ನ ಎಲ್ಲ ಇಬ್ರೂ ಅದನ್ನೇ ಮಾಡಿದ್ವಿ. ನಾಳೇನೂ ಇದೆ ಕೆಲಸ."

"ನಾಳೆ ನಾನು ಬೇಕಾದ್ರೆ ನಿಲ್ಲಿಸ್ತೀನಿ. ಒಂದು ಸಲ."

"ಬೇಡ!" ಎಂದಳು ಅವಳು, ಗಾಬರಿಯಿಂದ. "ರಿಪೇರಿ ಮುಗಿದೇ ಇಲ್ಲ. ನಡುವೆ ನಿಂತುಬಿಟ್ರೆ ಅವಳಿಗೆ ಏನು ಹೇಳ್ಲಿ? ನೀನು ಏನೂ ಮಾಡಬೇಡ ಅಪ್ಪ. ಸುಮ್ನೆ ಹೋಗು."

ಮನೆಯಲ್ಲಿ ಹೆಂಡತಿಗೆ ಹೇಳಿದ. ಅವಳು ಮೇಜಿನ ಮೇಲೆ ಬಗ್ಗಿ ಒಂದು ಕಾಲುವೆಗೆ ನೀಲಿ ತುಂಬುತ್ತಿದ್ದಳು. ಕೇಳಿ ಮುಗಿಸಿ, "ಅವಳಿಗೆ ಒಗ್ಗಿಹೋಯ್ತು ಹಾಗಾದ್ರೆ," ಎಂದಳು. ನೀಲಿ ಅಂಚು ದಾಟದಂತೆ ನೋಡಿಕೊಂಡು ಆಮೇಲೆ ಕೇಳಿದಳು, "ನಿಮಗೆ?"

ಮಾರನೆಯ ದಿನ ನರ್ಸಮ್ಮ ಮೂಲೆಯನ್ನು ತಾನಾಗಿಯೇ ಹಿಡಿದಳು. ಅವನು ಬೂಟು ಬಿಚ್ಚಿ ಕಾಲು ಮಡಚಿ ಕೂತಾಗಿತ್ತು, ಹೊಸ ಕಾಲುಚೀಲ ಹಾಕಿಕೊಂಡು ಬಂದಿದ್ದ. ಸುಮ್ಮನೆ ಹೋಗು ಎಂದಿದ್ದಳು ಮಗಳು. ಸುಮ್ಮನೆ ಹೋಗುವುದಕ್ಕೆ ಇಷ್ಟು ಬಲ ಬೇಕೆಂದು ಅವನಿಗೆ ತಿಳಿದಿರಲಿಲ್ಲ. ತೊಡೆ, ಮಂಡಿ, ಕಣಕಾಲು ಎಲ್ಲವೂ ಒಂದನ್ನೊಂದು ಹಿಡಿದುಕೊಂಡು ಕೂತಿದ್ದವು. ಕಾರು ನಿಂತರೆ ಮಗಳ ರಿಪೇರಿ ಕೆಡುತ್ತದೆ, ಈ ಹೆಂಗಸಿನ ಕಾಲು ಮತ್ತೆ ಎಕ್ಸ್‌ರೇಗೆ ಹೋಗುತ್ತದೆ. ಹಳದಿ ಗೋಡೆ ಬಂತು, ಗೇಟು ಬಂತು. ಮೇಲೆ ನೋಡಬಾರದು ಎಂದು ಮುಂದೆಯೇ ನೋಡಿದ. ಹಾಗೆ ನೋಡಿದ್ದರಿಂದಲೇ ಗೇಟಿನ ಕಂಬದ ಹಿಂದಿನಿಂದ ಶಾಲೆಯ ಗಂಟೆ ಬಾರಿಸುವ ಮುದುಕ ಎರಡೂ ಕೈಯಲ್ಲಿ ನೀರಿನ ಬಕೆಟ್ ಹಿಡಿದು, ಅತ್ತಿತ್ತ ನೋಡದೆ, ತನ್ನ ಹಿತ್ತಿಲು ದಾಟುವವನಂತೆ ಬೀದಿಗೆ ಇಳಿದದ್ದು ಅವನಿಗೆ ಕಾಣಿಸಿತು. ಅವನ ಕಾಲು ಹಾರಿತು. ಮಡಚಿದ ಕಾಲು ಎಲ್ಲಿಗೆ ಹಾರೀತು, ಇನ್ನೊಂದು ಮಂಡಿಗೆ ಸಿಕ್ಕಿಕೊಂಡು ಅಲ್ಲೇ ಒದ್ದಾಡಿತು. ಕೆಳಗೆ ಬ್ರೇಕು ಒಂಟಿಯಾಗಿ ಹೊಳೆಯುತ್ತಿತ್ತು.

ಕಾರು ನಿಂತಿತು. ಬಿಕ್ಕಳಿಸಲಿಲ್ಲ, ನಡುಗಲಿಲ್ಲ. ಎಂಜಿನ್ನು ಮೆಲ್ಲಗೆ ಗುನುಗುತ್ತಲೇ ಇತ್ತು. ಮುದುಕ ಬಂಪರಿನಿಂದ ಒಂದು ಮೊಳ ಆಚೆ ನಿಂತು, ತುಳುಕಿದ ನೀರನ್ನು ನೋಡಿ, ಕಾರನ್ನು ನೋಡಿ, "ದಿನಾ ಇಲ್ಲೇ ನಿಲ್ಲತ್ತಲ್ಲ ಅಂತ ಇಳಿದೆ ಕಣಮ್ಮ," ಎಂದು ತಪ್ಪು ಕಾರಿನದೇ ಎಂಬಂತೆ ಹೇಳಿ ದಾಟಿಹೋದ.

ನರ್ಸಮ್ಮ ಕೆಳಗೆ ನೋಡಿದಳು. ತನ್ನ ಎರಡು ಕಾಲುಗಳನ್ನು ನೋಡಿದಳು, ಒಂದು ಕ್ಲಚ್ಚಿನ ಮೇಲೆ, ಒಂದು ಬ್ರೇಕಿನ ಮೇಲೆ. ಆಮೇಲೆ ಸೀಟಿನ ಮೇಲೆ ಗಂಟು ಬಿದ್ದಿದ್ದ ಅವನ ಕಾಲುಗಳನ್ನು ನೋಡಿದಳು. ನೋಡಿದ ಮೇಲೂ ಕೇಳಿದಳು.

"ಈಗ ನಿಲ್ಲಿಸಿದ್ದು ನೀವಾ, ನಾನಾ?"

ಮಹಡಿಯ ಮೇಲೆ ಗದ್ದಲವೆದ್ದಿತ್ತು. ಅವನು ತಡೆಯಲಾರದೆ ಕತ್ತೆತ್ತಿದ. ಕಿಟಕಿಯ ತುಂಬ ತಲೆಗಳು, ಚಪ್ಪಾಳೆ, ಯಾರೋ ಕಿಟಕಿಯೊಳಕ್ಕೆ ತಿರುಗಿ ಕೆಳಗೆ ಬಗ್ಗಿ ಯಾರನ್ನೋ ಕೂಗುತ್ತಿದ್ದರು. ಆ ತಲೆಗಳಲ್ಲಿ ಅವನ ಮಗಳದು ಇರಲಿಲ್ಲ. ಒಂದೊಂದಾಗಿ ಹುಡುಕಿದ, ಇರಲಿಲ್ಲ. ಅವಳ ಜಾಗದಲ್ಲಿ ಡೆಸ್ಕಿನ ಅಂಚು ಮಾತ್ರ ಕಾಣುತ್ತಿತ್ತು, ಕೆಳಗಿನಿಂದ ಯಾರೋ ಬಡಿದಂತೆ ಅದು ಸಣ್ಣಗೆ ಅಲುಗುತ್ತಿತ್ತು.

"ನೀವೇ," ಎಂದ ಅವನು.